ಶಿವಾ ಮನೆಯಲ್ಲಿ ಬಾಯಿ ತಪ್ಪಿ ಒಂದು ಮಾತು ಆಡಿದೆ. ಯೆಹೂದಿಗಳು ಕಷ್ಟದ ಬಗ್ಗೆ ಏನು ಹೇಳುತ್ತಾರೆ?

ಪ್ರಶ್ನೆ: ಪೆತಾಹ್‌ತಿಕ್ವಾ_ಅಕ್ಕ

ಇಸ್ರೇಲಿನ ಪೆತಾಹ್ ತಿಕ್ವಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾಲ್ಕು ವರ್ಷ ಆಯಿತು. ಮನೆಯವರ ಹಾಗೆ ನಾನೂ ಅವರನ್ನು ಸಾವ್ತಾ ಅಂತಲೇ ಕರೆಯುತ್ತೇನೆ. ಹೀಬ್ರೂನಲ್ಲಿ ಅಜ್ಜಿ ಅಂತ ಅರ್ಥ. ವಯಸ್ಸು 87.

ಹೋದ ಭಾನುವಾರ ಅವರ ಕಿರಿಯ ಮಗ ಕ್ಯಾನ್ಸರ್‌ನಿಂದ ತೀರಿಕೊಂಡರು. ಸೋಮವಾರ ಮಣ್ಣು ಮಾಡಿದರು. ಅವತ್ತಿನಿಂದ ಮನೆಯಲ್ಲಿ ಶಿವಾ. (ಶಿವ ದೇವರಲ್ಲ, ಹೀಬ್ರೂನಲ್ಲಿ ಶಿವಾ ಅಂದರೆ ಏಳು. ಏಳು ದಿನದ ಸೂತಕ ಅಂದುಕೊಳ್ಳಿ.) ಕನ್ನಡಿಗಳಿಗೆಲ್ಲ ನಾನೇ ಬೆಡ್‌ಶೀಟ್ ಮುಚ್ಚಿದೆ. ಬಾಗಿಲಿಗೆ ಚಿಲಕ ಹಾಕುವ ಹಾಗಿಲ್ಲ, ಜನ ಬೆಲ್ ಮಾಡದೆ ಒಳಗೆ ಬರುತ್ತಾರೆ. ಸಾವ್ತಾ ಕುತ್ತಿಗೆ ಹತ್ತಿರ ಹರಿದ ರವಿಕೆಯಲ್ಲೇ ಗಿಡ್ಡ ಸ್ಟೂಲಿನ ಮೇಲೆ ಕೂತಿರುತ್ತಾರೆ. ಮಂಡಿ ನೋವಿದೆ, ಕುರ್ಚಿ ಕೊಡುತ್ತೇನೆ ಅಂದರೂ ಬೇಡ ಅಂದರು.

ಬುಧವಾರ ಸಂಜೆ ಜನ ಕಡಿಮೆ ಆದರು. ಅವರ ಕೈ ಹಿಡಿದುಕೊಂಡು ಕೂತೆ. ಏನಾದರೂ ಹೇಳಬೇಕು ಅನ್ನಿಸಿತು. ನಾವೆಲ್ಲ ಹೇಳೋದೇ ಅಲ್ವಾ, ಅದನ್ನೇ ಹೇಳಿಬಿಟ್ಟೆ: "ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ, ಸಾವ್ತಾ."

ಅವರು ಕೈ ಎಳೆದುಕೊಂಡರು. "ಹಾಗಾದರೆ ನನ್ನನ್ನು 87 ವರ್ಷ ಯಾಕೆ ಇಟ್ಟಿದ್ದಾನೆ? ನಾನೇನು ಕೆಟ್ಟವಳಾ?"

ನನಗೆ ಬಾಯಿ ಕಟ್ಟಿಹೋಯಿತು. ಅವರ ಮಗಳು ಅಡುಗೆಮನೆಗೆ ಕರೆದು, ಬೈಯದೆ, "ಇಲ್ಲಿ ಯಾರೂ ಅಂಥ ಮಾತು ಹೇಳಲ್ಲ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ನನಗೆ ಅರ್ಥ ಆಗದೆ ಇರೋದು ಇನ್ನೊಂದಿದೆ. ಸಾವ್ತಾ ರೊಮೇನಿಯಾದಲ್ಲಿ ಹುಟ್ಟಿದವರು. ಚಿಕ್ಕ ಹುಡುಗಿಯಾಗಿದ್ದಾಗಲೇ ಯುದ್ಧದಲ್ಲಿ ಅಪ್ಪನನ್ನೂ ಅಕ್ಕನನ್ನೂ ಕಳೆದುಕೊಂಡರು. ಯೋಮ್ ಕಿಪ್ಪುರ್ ದಿನ (ದೇವರ ಹತ್ತಿರ ಪಾಪಕ್ಕೆ ಕ್ಷಮೆ ಕೇಳುವ ದಿನ) ಊರೆಲ್ಲ ಉಪವಾಸ ಇದ್ದರೆ ಇವರು ಹಟಕ್ಕೆ ಬಿದ್ದು ಕಾಫಿ ಕುಡಿಯುತ್ತಾರೆ. "ಮೊದಲು ಅವನು ನನ್ನ ಹತ್ತಿರ ಕ್ಷಮೆ ಕೇಳಲಿ" ಅಂತಾರೆ. ಸರಿ, ದೇವರನ್ನು ನಂಬಲ್ಲ ಅಂದುಕೊಂಡಿದ್ದೆ. ಆದರೆ ಶುಕ್ರವಾರದ ಶಬ್ಬಾತ್ (ವಾರದ ಪವಿತ್ರ ವಿಶ್ರಾಂತಿ ದಿನ) ಮೇಣದಬತ್ತಿ ಈ ನಾಲ್ಕು ವರ್ಷದಲ್ಲಿ ಒಂದು ವಾರವೂ ತಪ್ಪಿಲ್ಲ. ನಿನ್ನೆಯೂ ಸ್ಟೂಲಿನಿಂದ ಎದ್ದು, ಹರಿದ ರವಿಕೆ ಬಿಚ್ಚಿ ಬೇರೆ ಹಾಕಿಕೊಂಡು, ಎರಡು ಬತ್ತಿ ಹಚ್ಚಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಮಗ ಸತ್ತು ಐದು ದಿನಕ್ಕೆ!

ಇದೇನು, ನಂಬಿಕೆಯಾ ಜಗಳವಾ? ಕಷ್ಟ ಯಾಕೆ ಬರುತ್ತೆ ಅನ್ನೋದಕ್ಕೆ ಇವರ ಧರ್ಮದಲ್ಲಿ ಉತ್ತರ ಏನು? ತಿಳಿದವರು ಹೇಳಿ. ಈಗ ಶನಿವಾರ ಮಧ್ಯಾಹ್ನ, ಸಾವ್ತಾ ಮಲಗಿದ್ದಾರೆ.

ಉತ್ತರ 1: ಹಳೇಪುಟ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಬೈಬಲ್‌ನಲ್ಲಿ ಯೋಬ ಅಂತ ಒಬ್ಬ ಒಳ್ಳೆಯ ಮನುಷ್ಯ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಇದೇ ಕೆಲಸ ಮಾಡಿ ಅವನ ಸ್ನೇಹಿತರು ದೇವರ ಕೈಲೇ ಬೈಸಿಕೊಂಡಿದ್ದಾರೆ.

ಎಲೀಫಜ, ಬಿಲ್ದದ, ಚೋಫರ ಮೂವರೂ ಬಂದು ಏಳು ಹಗಲು ಏಳು ರಾತ್ರಿ ಯೋಬನ ಜೊತೆ ನೆಲದ ಮೇಲೆ ಕೂತರು. ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿವರೆಗೆ ಚೆನ್ನಾಗೇ ಇತ್ತು. ಆಮೇಲೆ ಬಾಯಿ ಬಿಟ್ಟರು, ಕೆಟ್ಟಿತು. "ತಪ್ಪಿಲ್ಲದವರಿಗೆ ಹೀಗೆಲ್ಲ ಆಗುತ್ತಾ? ನೆನಪು ಮಾಡಿಕೋ" ಅನ್ನೋ ಧಾಟಿ. ಯೋಬ ಸುಮ್ನೆ ಕೇಳಿಸಿಕೊಳ್ಳಲಿಲ್ಲ, ದೇವರನ್ನೇ ಕೋರ್ಟಿಗೆ ಎಳೆಯುವ ಹಾಗೆ ಮಾತಾಡಿದ. ಕೊನೇ ಅಧ್ಯಾಯದಲ್ಲಿ ದೇವರು ಎಲೀಫಜನಿಗೆ ಹೇಳೋದೇನು ಗೊತ್ತಾ? ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅಂತ. ದೇವರ ಪರ ವಕೀಲಿ ಮಾಡಿದವರು ಸೋತರು, ದೇವರ ಮೇಲೆ ಕೂಗಾಡಿದವನು ಗೆದ್ದ. ನಿಮ್ಮ ಸಾವ್ತಾ ಕಾಫಿ ಕುಡಿಯೋದು ಆ ಸಾಲಿಗೇ ಸೇರಿದ್ದು.

ತಾಲ್ಮುದ್ (ಯೆಹೂದಿ ಗುರುಗಳ ಚರ್ಚೆ, ನಿಯಮ, ಕಥೆಗಳ ಹಳೇ ಗ್ರಂಥ) ಯೋಬನ ಕಥೆ ಹಿಡಿದು ನಿಯಮವನ್ನೇ ಮಾಡಿದೆ: ಶೋಕದಲ್ಲಿರುವವರು ಬಾಯಿ ತೆರೆಯುವ ತನಕ ನೋಡಲು ಬಂದವರು ಮಾತಾಡಬಾರದು. ಇನ್ನೊಂದು ಕಡೆ, ಮಾತಿನಿಂದ ನೋಯಿಸೋದು ಪಾಪ ಅಂತ ಹೇಳುವಾಗ ಕೊಡುವ ಉದಾಹರಣೆಯೂ ಇದೇ. ಕಾಯಿಲೆ ಬಿದ್ದವನಿಗೆ, ಮಕ್ಕಳನ್ನು ಮಣ್ಣು ಮಾಡಿದವನಿಗೆ ಯೋಬನ ಸ್ನೇಹಿತರ ಥರ ಮಾತಾಡಬೇಡ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಒಂದೇ ಉತ್ತರ ಇಲ್ಲ. ಕಷ್ಟ ಬಂದರೆ ನಿನ್ನ ನಡತೆ ಒಮ್ಮೆ ನೋಡಿಕೋ ಅನ್ನೋ ಮಾತು ತಾಲ್ಮುದ್‌ನಲ್ಲೇ ಇದೆ. ಆದರೆ ಅದು ಅವರವರು ತಮಗೇ ಹೇಳಿಕೊಳ್ಳೋಕೆ, ಪಕ್ಕದ ಮನೆಯವನ ಲೆಕ್ಕ ನೋಡೋಕಲ್ಲ. ದೇವರು ಪ್ರೀತಿಯಿಂದ ಕೊಟ್ಟ ಕಷ್ಟ ಅನ್ನೋ ಮಾತೂ ಅಲ್ಲೇ ಇದೆ. ಆ ಮಾತಿನ ಬೆನ್ನಿಗೇ ಒಂದು ಕಥೆ ಬರುತ್ತೆ, ನನಗೆ ಇಡೀ ತಾಲ್ಮುದ್‌ನಲ್ಲಿ ಅತಿ ಇಷ್ಟವಾದದ್ದು.

ರಬ್ಬಿ (ಅಂದರೆ ಧರ್ಮಗುರು) ಯೋಹಾನಾನ್ ಹತ್ತು ಗಂಡುಮಕ್ಕಳನ್ನು ಕಳೆದುಕೊಂಡವರು. ಹತ್ತನೆಯವನ ಒಂದು ಎಲುಬಿನ ಚೂರನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರಂತೆ. ಅವರು ಕಾಯಿಲೆ ಬಿದ್ದ ಶಿಷ್ಯನನ್ನು ನೋಡೋಕೆ ಹೋಗುತ್ತಾರೆ. "ಈ ಕಷ್ಟ ನಿನಗೆ ಇಷ್ಟವಾ?" ಅಂತ ಕೇಳುತ್ತಾರೆ. "ಕಷ್ಟವೂ ಬೇಡ, ಅದರಿಂದ ಸಿಗೋ ಪುಣ್ಯವೂ ಬೇಡ." "ಸರಿ, ಕೈ ಕೊಡು." ಕೈ ಕೊಟ್ಟ, ಎಬ್ಬಿಸಿದರು. ಆಮೇಲೆ ಯೋಹಾನಾನ್‌ರೇ ಮಲಗಿದರು. ರಬ್ಬಿ ಹನೀನಾ ಬಂದು ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು, ಕೈ ಹಿಡಿದು ಎಬ್ಬಿಸಿದರು. ಯೋಹಾನಾನ್ ತಮ್ಮನ್ನು ತಾವೇ ಯಾಕೆ ಎಬ್ಬಿಸಿಕೊಳ್ಳಲಿಲ್ಲ ಅಂತ ತಾಲ್ಮುದ್ ಕೇಳುತ್ತೆ. ಜೈಲಲ್ಲಿರುವವನು ತನ್ನನ್ನು ತಾನೇ ಬಿಡಿಸಿಕೊಳ್ಳಲಾರ ಅಂತ ಉತ್ತರ.

ನೀವು ಕೈ ಹಿಡಿದು ಕೂತಿದ್ದಿರಿ ನೋಡಿ, ಅಷ್ಟು ಸರಿಯಾಗಿತ್ತು.

ಉತ್ತರ 2: ಬ್ನೇಬ್ರಾಕ್_ತಂಗಿ

ನಾನೂ ಇಲ್ಲೇ ಇದೇ ಕೆಲಸದಲ್ಲಿದ್ದೀನಿ ಅಕ್ಕ, ಆದರೆ ಕಟ್ಟಾ ಧಾರ್ಮಿಕರ ಮನೆ. ಮೇಲಿನ ಅಣ್ಣ ಪುಸ್ತಕ ಓದಿ ಹೇಳುತ್ತಿದ್ದಾರೆ, ಇಲ್ಲಿ ಮನೆಯಿಂದ ಮನೆಗೆ ಬೇರೆ. ನಮ್ಮ ಅಜ್ಜ ಬಿದ್ದು ಸೊಂಟದ ಮೂಳೆ ಮುರಿದಾಗ ಆಂಬ್ಯುಲೆನ್ಸ್‌ನಲ್ಲಿ ಹೇಳಿದ್ದು "ಗಮ್ ಝು ಲೆತೋವಾ". ಇದೂ ಒಳ್ಳೇದಕ್ಕೇ ಅಂತ. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಹೇಳಿದರು. ಹಾಗಾಗಿ ಯೆಹೂದಿಗಳು ಯಾರೂ ಹಾಗೆ ಹೇಳಲ್ಲ ಅನ್ನೋದು ಸುಳ್ಳು. ಆದರೆ ಅವರದೇ ಸೊಂಟಕ್ಕೆ ಹೇಳಿಕೊಂಡರು. ನಾನು ಹೇಳಿದ್ದರೆ ಕೆಲಸ ಹೋಗಿರೋದು.

ಸಾವಿನ ಸುದ್ದಿ ಕೇಳಿದ ಕೂಡಲೇ "ಬಾರುಖ್ ದಯಾನ್ ಹಾಎಮೆತ್" ಅಂತಾರೆ. ಸತ್ಯದ ನ್ಯಾಯಾಧೀಶನಿಗೆ ಸ್ತುತಿ ಅಂತ. ಒಳ್ಳೇದಕ್ಕೆ ಸ್ತುತಿಸಿದ ಹಾಗೆ ಕೆಟ್ಟದ್ದಕ್ಕೂ ಸ್ತುತಿಸಬೇಕು ಅಂತ ಅವರ ನಿಯಮವಂತೆ. ಶಿವಾ ಮನೆಯಿಂದ ಹೊರಡುವಾಗ ಹೇಳೋ ಮಾತೂ ಒಂದೇ: "ಹಾಮಾಕೋಮ್ ನಿಮ್ಮನ್ನು ಸಮಾಧಾನಪಡಿಸಲಿ, ಸಿಯೋನ್ ಮತ್ತು ಯೆರೂಸಲೇಮಿಗಾಗಿ ಅಳುವ ಉಳಿದವರ ಜೊತೆಗೆ." ಹಾಮಾಕೋಮ್ ಅಂದರೆ ಜಾಗ, ಅದು ದೇವರ ಒಂದು ಹೆಸರು. ಬಾಯಿಪಾಠ ಮಾಡಿಕೊಳ್ಳಿ. ಸ್ವಂತ ಮಾತು ಹುಡುಕೋ ತಲೆನೋವು ಇರಲ್ಲ. ಮೊಟ್ಟೆ ಬೇಯಿಸಿಕೊಡಿ, ಲೋಟ ತೊಳೀರಿ, ಬಂದವರಿಗೆ ಕುರ್ಚಿ ಹಾಕಿ. ನಮ್ಮಿಂದ ಅವರು ಬಯಸೋದು ಅಷ್ಟೇ.

ಉತ್ತರ 3: ಸೀದಾಮಾತು

ಎಲ್ಲ ಹಿಂದಿನ ಜನ್ಮದ ಕರ್ಮ. ಇಷ್ಟು ಸುತ್ತಿ ಬಳಸಿ ಹೇಳೋದು ಯಾಕೆ? ಅವರಲ್ಲಿ ಪುನರ್ಜನ್ಮ ಇಲ್ಲವಾ?

ಉತ್ತರ 4: ಹಳೇಪುಟ

ಇದೆ ಸ್ವಾಮಿ. ಕಬ್ಬಾಲಾ ಅನ್ನೋ ಯೆಹೂದಿ ಅನುಭಾವ ಪಂಥದವರು ಅದನ್ನು ಗಿಲ್ಗುಲ್ ಅಂತಾರೆ. ಹಸಿದಿಗಳಲ್ಲಿ (ಕಟ್ಟಾ ಧಾರ್ಮಿಕರ ಒಂದು ಪಂಗಡ) ಇವತ್ತಿಗೂ ನಂಬುವವರು ಬೇಕಾದಷ್ಟು. ಆದರೆ 10ನೇ ಶತಮಾನದಲ್ಲೇ ಸಾದಿಯಾ ಗಾಓನ್ ಅನ್ನೋ ದೊಡ್ಡ ಯೆಹೂದಿ ಪಂಡಿತರು ಅದನ್ನು ಮೂರ್ಖತನ ಅಂತ ತಳ್ಳಿಹಾಕಿದ್ದರು. 2000ರಲ್ಲಿ ಇಸ್ರೇಲಿನ ಮಾಜಿ ಮುಖ್ಯ ರಬ್ಬಿಯೊಬ್ಬರು, ನಾಝಿಗಳು ಕೊಂದವರೆಲ್ಲ ಪಾಪಿಗಳ ಮರುಜನ್ಮ ಅನ್ನೋ ಅರ್ಥದಲ್ಲಿ ಮಾತಾಡಿ ದೇಶವೆಲ್ಲ ರೊಚ್ಚಿಗೆದ್ದಿತ್ತು. 60 ಲಕ್ಷ ಜನ, ಅದರಲ್ಲಿ ಮಕ್ಕಳೇ ಎಷ್ಟೋ. ಅಪ್ಪನನ್ನೂ ಅಕ್ಕನನ್ನೂ ಹಾಗೆ ಕಳೆದುಕೊಂಡ ಸಾವ್ತಾ ಎದುರಿಗೆ ನೀವು ಈ ಮಾತು ಹೇಳಿ ನೋಡಿ, ಆಮೇಲೆ ಬನ್ನಿ.

ಬ್ನೇಬ್ರಾಕ್ ತಂಗಿ, ಒಪ್ಪಿದೆ. ನನ್ನದು ಪುಸ್ತಕದ ಬದನೆಕಾಯಿಯೇ. ಆದರೂ ಇನ್ನೊಂದು ಹೇಳಿಬಿಡುತ್ತೇನೆ. 12ನೇ ಶತಮಾನದ ಮೈಮೊನಿಡೀಸ್ ಯೆಹೂದಿಗಳಲ್ಲೇ ಅತಿ ದೊಡ್ಡ ತರ್ಕದ ಮನುಷ್ಯ. ಕೈರೋ ಪಕ್ಕದ ಫುಸ್ತಾತ್‌ನಲ್ಲಿ ವೈದ್ಯರಾಗಿದ್ದರು. ಮನುಷ್ಯರ ಕಷ್ಟದಲ್ಲಿ ಬಹುಪಾಲು ಅವರವರೇ ಮಾಡಿಕೊಂಡದ್ದು, ಉಳಿದದ್ದು ಒಬ್ಬರಿಗೊಬ್ಬರು ಮಾಡಿದ್ದು, ಪ್ರಕೃತಿಯಿಂದ ಬರೋದು ಸ್ವಲ್ಪವೇ ಅಂತ ಬರೆದವರು. ಅವರ ತಮ್ಮ ದಾವೀದ ವ್ಯಾಪಾರ ಮಾಡಿ ಮನೆ ನಡೆಸುತ್ತಿದ್ದ, ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಸುದ್ದಿ ಕೇಳಿ ಅಣ್ಣ ಸುಮಾರು ಒಂದು ವರ್ಷ ಹಾಸಿಗೆ ಬಿಟ್ಟು ಏಳಲಿಲ್ಲ. ಎಂಟು ವರ್ಷ ಆದಮೇಲೂ ಒಂದು ಪತ್ರದಲ್ಲಿ ಬರೆದಿದ್ದಾರೆ, ತಮ್ಮನ ಕೈಬರಹ ಕಣ್ಣಿಗೆ ಬಿದ್ದರೆ ಸಾಕು, ಕರುಳು ಹಿಂಡಿದ ಹಾಗೆ ಆಗುತ್ತೆ ಅಂತ. ವಿವರಣೆಗಳೆಲ್ಲ ತಲೆಯಲ್ಲಿದ್ದವರ ಪಾಡು ಇದು. ಒಳ್ಳೆಯವರ ಕಷ್ಟವಾಗಲಿ ಕೆಟ್ಟವರ ನೆಮ್ಮದಿಯಾಗಲಿ ನಮ್ಮ ಕೈಲಿಲ್ಲ ಅಂತ ರಬ್ಬಿ ಯನ್ನಾಯ್ ಹಿಂದೆಯೇ ಒಂದೇ ಸಾಲಿನಲ್ಲಿ ಮುಗಿಸಿದ್ದರು.

ಮತ್ತೆ ಬರೆಯುತ್ತಿರುವುದು: ಪೆತಾಹ್‌ತಿಕ್ವಾ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ ಬೆಳಿಗ್ಗೆ ಶಿವಾ ಮುಗಿಯಿತು. ಬೆಳಗಿನ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬಂದಿದ್ದರು, ಮೊಮ್ಮಗ ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಹೇಳಿದ. (ಅದರಲ್ಲಿ ಸಾವು ಅನ್ನೋ ಪದವೇ ಇಲ್ಲವಂತೆ, ಬರೀ ದೇವರ ಸ್ತುತಿ. ನನಗೆ ಇವತ್ತೇ ಗೊತ್ತಾಗಿದ್ದು.) ಆಮೇಲೆ ಎಲ್ಲರೂ "ಏಳಿ" ಅಂದರು, ಸಾವ್ತಾ ಎದ್ದರು. ಏಳು ದಿನ ಮನೆಯೊಳಗೇ ಇದ್ದವರು ಹೊರಗೆ ಬಂದು ಬೀದಿ ಒಂದು ಸುತ್ತು ಹಾಕಬೇಕು. ವಾಕರ್ ಹಿಡಿದು ಹೊರಟರು, ಪಕ್ಕದಲ್ಲಿ ನಾನು. ಮಗಳು ಹಿಂದೆ.

ಹೇಳಿಕೊಟ್ಟ ಹಾಗೆ ನಾನು ಸುಮ್ಮನಿದ್ದೆ. ಮೂಲೆ ತಿರುಗುವಾಗ ಅವರೇ ಮಾತು ಶುರು ಮಾಡಿದರು. ಮಗ ಚಿಕ್ಕವನಿದ್ದಾಗ ಇದೇ ರಸ್ತೆಯಲ್ಲಿ ಸೈಕಲ್‌ನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದನಂತೆ. ಮುರಿದ ಹಲ್ಲನ್ನು ಜೇಬಿನಲ್ಲಿ ಹಾಕಿಕೊಂಡು ಬಂದು, ಅಂಟಿಸಿಕೊಡು ಅಂತ ಕೇಳಿದ್ದನಂತೆ. ನಗುತ್ತಾ ಹೇಳಿದರು. ನಾನೂ ನಕ್ಕೆ. ಆ ಧೈರ್ಯದ ಮೇಲೆ ಕೇಳಿಯೇಬಿಟ್ಟೆ, "ದೇವರ ಮೇಲೆ ಇಷ್ಟು ಸಿಟ್ಟಿದೆ, ಮತ್ತೆ ಮೊನ್ನೆ ಬತ್ತಿ ಯಾಕೆ ಹಚ್ಚಿದಿರಿ?"

ನನ್ನ ಮುಖ ನೋಡಿದರು. "ಶುಕ್ರವಾರ ಇತ್ತಲ್ಲ" ಅಂದರು.

ಮನೆಗೆ ಬಂದು ಕನ್ನಡಿಗಳ ಬೆಡ್‌ಶೀಟ್ ತೆಗೆದೆ. ನಾಲ್ಕೂ ಮೆಷಿನ್‌ನಲ್ಲಿವೆ ಈಗ.