ಓದಿನ ಗ್ರಹಿಕೆಯ ಅಧ್ಯಯನಕ್ಕೆ ಯಾವ ಮಾದರಿ ವಿಧಾನ ಸೂಕ್ತ?

ಪ್ರಶ್ನೆ:
ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳ ಎಂಟನೇ ತರಗತಿ ಮಕ್ಕಳ ಕನ್ನಡ ಓದಿನ ಗ್ರಹಿಕೆಯ ಕುರಿತು ಎಂ.ಎಡ್. ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಕ್ರೆಜ್ಸಿ ಮತ್ತು ಮಾರ್ಗನ್ ಅವರ 1970ರ ಕೋಷ್ಟಕದ (ಒಟ್ಟು ಸಂಖ್ಯೆಗೆ ತಕ್ಕಂತೆ ಎಷ್ಟು ಜನರನ್ನು ಆರಿಸಬೇಕೆಂದು ತಿಳಿಸುವ ಪಟ್ಟಿ) ಪ್ರಕಾರ 384 ಮಕ್ಕಳು ಸಾಕೆಂದು ಸಹಪಾಠಿಗಳು ಹೇಳುತ್ತಾರೆ. ಮನೆಗೆ ಹತ್ತಿರವಿರುವ ಚಿಂತಾಮಣಿಯ ಕೆಲವು ಶಾಲೆಗಳಿಂದಲೇ ಅಷ್ಟು ಮಕ್ಕಳನ್ನು ಆರಿಸಿಕೊಂಡರೆ ಅದನ್ನು ಯಾದೃಚ್ಛಿಕ ಮಾದರಿ ಎನ್ನಬಹುದೇ?

ಉತ್ತರ 1:
ಎನ್ನಲಾಗದು; ಅದು ಅನುಕೂಲ ಮಾದರಿ, ಅಂದರೆ ಸುಲಭವಾಗಿ ಸಿಕ್ಕವರನ್ನು ಆರಿಸಿದ್ದು. ಯಾದೃಚ್ಛಿಕ ಎನ್ನಬೇಕಾದರೆ ಜಿಲ್ಲೆಯ ಅಂತಹ ಪ್ರತಿಯೊಂದು ಮಗುವಿಗೂ ಆಯ್ಕೆಯಾಗುವ ಅವಕಾಶವಿರಬೇಕು, ಆ ಅವಕಾಶ ಎಷ್ಟೆಂಬುದು ಲೆಕ್ಕಕ್ಕೆ ಸಿಗಬೇಕು. ಬಾಗೇಪಲ್ಲಿಯಂತಹ ಗಡಿ ತಾಲ್ಲೂಕಿನಲ್ಲಿ ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ಬಹಳಷ್ಟಿರುವುದರಿಂದ, ಕನ್ನಡದ ಓದನ್ನೇ ಅಳೆಯುವ ಅಧ್ಯಯನವು ಅವರನ್ನು ಬಿಟ್ಟು ಇಡೀ ಜಿಲ್ಲೆಯ ಬಗ್ಗೆ ತೀರ್ಮಾನ ಹೇಳುವುದು ಸರಿಯಲ್ಲ. ತಾಲ್ಲೂಕುಗಳನ್ನು ಸ್ತರಗಳೆಂದು (ಪ್ರತ್ಯೇಕ ಗುಂಪುಗಳೆಂದು) ಪರಿಗಣಿಸಿ, ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನ ಶಾಲಾ ಪಟ್ಟಿಯಿಂದ ಪ್ರತಿ ಸ್ತರದಲ್ಲೂ ಚೀಟಿ ಎತ್ತಿ ಶಾಲೆಗಳನ್ನು ಆರಿಸಿ.

ಉತ್ತರ 2:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ 384ರ ಮೋಹವನ್ನು ಮೊದಲು ಬಿಡಬೇಕು. ಆ ಕೋಷ್ಟಕ ಸರಳ ಯಾದೃಚ್ಛಿಕ ಆಯ್ಕೆಗೆ ಮಾಡಿದ್ದು. ಒಂದೇ ಶಾಲೆಯ ಮಕ್ಕಳು ಒಬ್ಬರೇ ಶಿಕ್ಷಕರಿಂದ ಕಲಿತಿರುವುದರಿಂದ ಅವರ ಅಂಕಗಳು ಪರಸ್ಪರ ಹೋಲುತ್ತವೆ. ಶಾಲೆಗೆ 20 ಮಕ್ಕಳಂತೆ ತೆಗೆದುಕೊಂಡು, ಶಾಲೆಯೊಳಗಿನ ಸಹಸಂಬಂಧ (ಈ ಹೋಲಿಕೆಯ ಅಳತೆ) 0.2 ಎಂದು ಭಾವಿಸಿದರೆ ವಿನ್ಯಾಸ ಪರಿಣಾಮ, ಅಂದರೆ ಸರಳ ಆಯ್ಕೆಗಿಂತ ಎಷ್ಟು ಪಟ್ಟು ಮಕ್ಕಳು ಬೇಕೆಂಬ ಲೆಕ್ಕ, 1 + (20 − 1) × 0.2 = 4.8; ಆಗ 400 ಮಕ್ಕಳ ಮಾದರಿಯು ಸುಮಾರು 83 ಮಕ್ಕಳ ಸರಳ ಮಾದರಿಯಷ್ಟೇ ಮಾಹಿತಿ ನೀಡುತ್ತದೆ. ಹಾಗಾಗಿ ಶಾಲೆಗಳನ್ನು ಹೆಚ್ಚಿಸಿ, ಶಾಲೆಯೊಂದರಿಂದ 8 ಅಥವಾ 10 ಮಕ್ಕಳನ್ನು ಮಾತ್ರ ಹಾಜರಿ ಪುಸ್ತಕದಿಂದ ಆರಿಸಿ. ಓಡಾಟ ಹೆಚ್ಚುತ್ತದೆ, ಬೇರೆ ದಾರಿಯಿಲ್ಲ.

ಪ್ರಶ್ನೆ ಕೇಳಿದವರು:
ಅಷ್ಟು ಶಾಲೆಗಳಿಗೆ ಅನುಮತಿ ಸಿಗದಿದ್ದರೆ?

ಉತ್ತರ 1:
ಆಗ ಶೀರ್ಷಿಕೆಯಲ್ಲಿಯೇ ವ್ಯಾಪ್ತಿಯನ್ನು ಚಿಂತಾಮಣಿ ತಾಲ್ಲೂಕಿಗೆ ಇಳಿಸಿ, ಅದರೊಳಗೆ ಚೀಟಿ ಎತ್ತಿ.