ಎಲ್ಲ ಹಣೆಬರಹವಾದರೆ ಓದುವುದು ಯಾಕೆ? ಅನುಭವ ಇದ್ದವರು ಹೇಳಿ

ಕೆಎಎಸ್ ಪ್ರಿಲಿಮ್ಸ್ ಮತ್ತೆ ಬರೆಯಲೋ ಬೇಡವೋ ಎಂಬ ಗೊಂದಲದಲ್ಲಿದ್ದೇನೆ. ಜಾತಕದಲ್ಲಿ ಸರ್ಕಾರಿ ನೌಕರಿಯ ಯೋಗ ಇಲ್ಲ ಎಂದು ಜೋಯಿಸರು ಹೇಳಿದ ಮೇಲೆ ಅಮ್ಮ 'ಸಾಕು ಬಿಡು' ಅಂತಾರೆ. ಈಚೆಗೆ ತಿರುವಣ್ಣಾಮಲೆಯ ಜ್ಞಾನಿ ರಮಣ ಮಹರ್ಷಿಗಳನ್ನು ಓದುತ್ತಿದ್ದೇನೆ. ಆಗುವುದು ಆಗಿಯೇ ತೀರುತ್ತದೆ ಎಂದು ಅವರೂ ಹೇಳಿದ್ದಾರೆ. ಹಾಗಾದರೆ ಪ್ರಯತ್ನ ಯಾಕೆ? ಅವರು ಹೇಳಿದ ಆತ್ಮವಿಚಾರ, ಅಂದರೆ 'ನಾನು ಯಾರು?' ಎಂಬ ವಿಚಾರಣೆ, ಮಾಡುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ:
ಆ ಮಾತು ಯಾರಿಗೆ ಹೇಳಿದ್ದು ಅಂತ ಮೊದಲು ನೋಡಿ. 1898ರ ಡಿಸೆಂಬರ್‌ನಲ್ಲಿ ಮಹರ್ಷಿಗಳ ತಾಯಿ ಅಳಗಮ್ಮಾಳ್ ತಿರುವಣ್ಣಾಮಲೆಗೆ ಬಂದು, ಮನೆಗೆ ಬಾ ಮಗನೇ ಎಂದು ದಿನಾ ಅಳುತ್ತಿದ್ದರು. ಮಗನದು ಮೌನ. ಅಲ್ಲಿದ್ದವರೊಬ್ಬರು ಕಾಗದ, ಪೆನ್ಸಿಲ್ ಕೊಟ್ಟಾಗ ಬರೆದರು: ಪ್ರಾರಬ್ಧದಂತೆ ನಡೆಸುವವನು ನಡೆಸುತ್ತಾನೆ, ಆಗದ್ದು ಏನು ಮಾಡಿದರೂ ಆಗದು, ಆಗುವುದು ಎಷ್ಟು ತಡೆದರೂ ನಿಲ್ಲದು, ಸುಮ್ಮನಿರುವುದೇ ಮೇಲು. ಹಟ ಹಿಡಿದು ಕೂತ ತಾಯಿಗೆ ಕೊಟ್ಟ ಉತ್ತರ ಅದು.

1914ರಲ್ಲಿ ಅದೇ ತಾಯಿಗೆ ಜೋರು ಜ್ವರ ಬಂತು. ಆಗ ಮಹರ್ಷಿಗಳು ಕೈಕಟ್ಟಿ ಕೂರಲಿಲ್ಲ. ಪಕ್ಕದಲ್ಲೇ ಇದ್ದು ಆರೈಕೆ ಮಾಡಿದರು. ಜ್ವರ ಇಳಿಸಪ್ಪಾ ಎಂದು ಅಲ್ಲಿನ ಶಿವ ಅರುಣಾಚಲನನ್ನು ಬೇಡಿ ತಮಿಳಿನಲ್ಲಿ ಪದ್ಯ ಕಟ್ಟಿದರು. ತಾಯಿ ಗುಣವಾದರು. ವಿಧಿ ಎಂದರೆ ಕೆಲಸ ಬಿಡುವುದಲ್ಲ ಅಂತ ನನಗೆ ಮನದಟ್ಟಾಗಿದ್ದು ಈ ಎರಡನ್ನೂ ಜೊತೆಗಿಟ್ಟು ಓದಿದಾಗ. ನಿಮ್ಮ ಪುಸ್ತಕದಲ್ಲಿ ಮೊದಲನೆಯದು ಮಾತ್ರ ಇದೆಯೋ ಏನೋ.

ಉಡುಪಿಯಿಂದ:
ನಾವು ಮಾಧ್ವರು. ನಮ್ಮಲ್ಲಿ ಜೀವನಿಗೆ ಕರ್ತೃತ್ವ, ಅಂದರೆ ತಾನೇ ಕೆಲಸ ಮಾಡುವ ಶಕ್ತಿ, ಇದೆ, ಆದರೆ ಅದು ಹರಿಯ ಅಧೀನ. ನಾನು ಯಾರು ಅಂದರೆ ಅವನ ದಾಸ. ದಾಸನಾದವನು ಕೆಲಸಕ್ಕೆ ಚಕ್ಕರ್ ಹೊಡೆಯುವ ಹಾಗಿಲ್ಲ, ಅಲ್ವಾ? ಓದಿ, ಕೃಷ್ಣಾರ್ಪಣ ಅನ್ನಿ.

ಧಾರವಾಡದಿಂದ:
ನಾನೂ ಇಂಥ ಪರೀಕ್ಷೆಗಳನ್ನು ಬರೆದವಳು. ರಿಸಲ್ಟ್ ದಿನ ಮೊಬೈಲ್‌ನಲ್ಲಿ ಆ ಪುಟ ತೆರೆದುಕೊಳ್ಳದೆ ಸುತ್ತುತ್ತಲೇ ಇತ್ತು. ಹೊಟ್ಟೆ ಕಿವುಚಿದ ಹಾಗೆ. ಆಗ 'ಈ ಭಯ ಯಾರಿಗೆ?' ಎಂದು ಕೇಳಿಕೊಂಡೆ. 'ನನಗೆ' ಅನಿಸಿತು. 'ಆ ನಾನು ಯಾರು?' ಎಂದು ಅಲ್ಲೇ ನಿಂತೆ. ಭಯ ಹೋಗಲಿಲ್ಲ, ಆದರೆ ನಾನೂ ಅದೂ ಬೇರೆ ಬೇರೆ ಅನಿಸಿತು.

ಇದನ್ನು ಜಪದ ಹಾಗೆ ಬಾಯಲ್ಲಿ ಹೇಳಿದರೆ ಏನೂ ಆಗುವುದಿಲ್ಲ. ಪ್ರಶ್ನೆ ಕೇಳಿ, ನಾನು ಎಂಬ ಅನಿಸಿಕೆ ಎಲ್ಲಿಂದ ಏಳುತ್ತದೆ ಎಂದು ಗಮನ ಇಡಬೇಕು. ಸುಮಾರು 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಕೇಳಿದಾಗ ಮಹರ್ಷಿಗಳು ತೋರಿಸಿದ ದಾರಿ ಇದೇ. ಪಿಳ್ಳೈ ಕೂಡ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು.

ಇನ್ನೊಂದು. ಈ ಬೀಸಣಿಗೆಯನ್ನು ಇಲ್ಲಿಡುವುದೂ ಮೊದಲೇ ನಿಶ್ಚಯವಾಗಿದೆಯಾ ಎಂದು ಮಹರ್ಷಿಗಳ ಭಕ್ತ ದೇವರಾಜ ಮುದಲಿಯಾರ್ ಕೇಳಿದ್ದರು. ಖಂಡಿತ ಅಂದರು ಮಹರ್ಷಿಗಳು. ಆದರೆ ದೇಹವೇ ನಾನು ಅಂದುಕೊಳ್ಳದೆ, ಅದರ ಸುಖದುಃಖ ಅಂಟಿಸಿಕೊಳ್ಳದೆ ಇರುವ ಸ್ವಾತಂತ್ರ್ಯ ಯಾವಾಗಲೂ ಇದೆ ಅಂದರು. ಪಾಸು, ಫೇಲು ನನ್ನ ಕೈಲಿಲ್ಲ. ಅದನ್ನೇ 'ನಾನು' ಅಂದುಕೊಳ್ಳಬೇಕಾ ಎಂಬುದು ನನ್ನ ಕೈಲಿದೆ.

ಮೈಸೂರಿನಿಂದ:
ಅಮ್ಮನ ಜೊತೆ ವಾದ ಬೇಡ. ನೀವು ಸೋತು ಬರುವುದನ್ನು ನೋಡಲಾಗದೆ ಹಾಗೆ ಹೇಳಿರಬಹುದು. ಓದಲು ಇನ್ನೂ ಆಸೆ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಇದ್ದರೆ ಅರ್ಜಿ ಹಾಕಿ. ಇಲ್ಲದಿದ್ದರೆ ಬಿಡಿ, ಅದಕ್ಕೆ ಜಾತಕದ ನೆಪ ಬೇಕಿಲ್ಲ.