ಹೃದಯದ ಎಡಭಾಗ ಜಾಸ್ತಿ ರಕ್ತ ಪಂಪ್ ಮಾಡುತ್ತದಾ? ವೈವಾದಲ್ಲಿ ಸಿಕ್ಕಿಬಿದ್ದೆ

ಪೆರ್ಲದ ಹುಡುಗಿ:
ನಮಸ್ಕಾರ ಎಲ್ಲರಿಗೂ. ನಾನು ಹತ್ತನೇ ಕ್ಲಾಸಿನವರೆಗೆ ಊರಲ್ಲೇ ಕನ್ನಡ ಮೀಡಿಯಂ. ಈಗ ಮಂಗಳೂರಲ್ಲಿ ಬಿಎಸ್‌ಸಿ ನರ್ಸಿಂಗ್ ಫಸ್ಟ್ ಇಯರ್. ಅನಾಟಮಿ ಹೇಗೋ ಬಾಯಿಪಾಠ ಆಗುತ್ತದೆ, ಫಿಸಿಯಾಲಜಿ ಮಾತ್ರ ತಲೆಗೆ ಹತ್ತುತ್ತಿಲ್ಲ.

ಮೊನ್ನೆ ವೈವಾದಲ್ಲಿ ಮೇಡಂ ಕೇಳಿದರು, "ಲೆಫ್ಟ್ ವೆಂಟ್ರಿಕಲ್ ನಿಮಿಷಕ್ಕೆ ಎಷ್ಟು ರಕ್ತ ಹೊರಗೆ ಹಾಕುತ್ತದೆ? ರೈಟ್ ಎಷ್ಟು?" ವೆಂಟ್ರಿಕಲ್ ಅಂದರೆ ಹೃದಯದ ಕೆಳಗಿನ ಕೋಣೆ. ಲೆಫ್ಟಿನದ್ದು ಸುಮಾರು 5 ಲೀಟರ್ ಅಂತ ಗೊತ್ತಿತ್ತು. ರೈಟಿನ ಗೋಡೆ ತೆಳು ಅಲ್ವಾ, ಅದಕ್ಕೆ 2 ಲೀಟರ್ ಅಂದುಬಿಟ್ಟೆ. ಮೇಡಂ ನಕ್ಕರು. "ಹಾಗಾದ್ರೆ ಬಾಕಿ 3 ಲೀಟರ್ ನಿಮ್ಮ ಮನೆಯಿಂದ ತಂದದ್ದಾ?" ಇಡೀ ಬ್ಯಾಚು ನಕ್ಕಿತು.

ಎರಡೂ ಒಂದೇ ಅಂತ ಆಮೇಲೆ ಓದಿದೆ. ಆದರೆ ಒಂದೇ ಆದರೆ ಎಡಗಡೆ ಅಷ್ಟು ದಪ್ಪ ಯಾಕೆ? ಮತ್ತೆ, ಆರ್ಟರಿಯಲ್ಲಿ ಒಳ್ಳೆ ರಕ್ತ ಅಂತ ಕಲಿತದ್ದು. ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿಯಲ್ಲಿ ಆಕ್ಸಿಜನ್ ಕಮ್ಮಿಯ ರಕ್ತ. ಹಾಗಾದ್ರೆ ಅದಕ್ಕೆ ಆರ್ಟರಿ ಅಂತ ಹೆಸರು ಯಾಕೆ? ಚಿತ್ರದಲ್ಲಿ ಎಡ ಬಲ ಉಲ್ಟಾ ಇರುವುದಂತೂ ನನ್ನ ಪ್ರಾಣ ತಿನ್ನುತ್ತಿದೆ.

ಚೌಕಿಮನೆ:
ಕೊನೆಯದ್ದು ಸುಲಭ. ಯಕ್ಷಗಾನ ಆಟ ನೋಡಿದ್ದೀಯಲ್ಲ? ರಂಗಸ್ಥಳದಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತ ವೇಷದ ಬಲಗೈ ನಮಗೆ ಎಡಕ್ಕೆ ಕಾಣುತ್ತದೆ. ಪುಸ್ತಕದ ಹೃದಯವೂ ಹಾಗೇ ನಿನ್ನ ಎದುರು ನಿಂತವನದ್ದು. ಬಾಕಿ ಪ್ರಶ್ನೆಗೆ ಮಾಷ್ಟ್ರು ಬರಲಿ.

ಅಡಿಕೆ ಮಾಷ್ಟ್ರು:
ಬಂದೆ. ಮಗಳೇ, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ವಿಜ್ಞಾನ ಹೇಳಿದವ ನಾನು. ಈಗ ಬದಿಯಡ್ಕದ ಹತ್ತಿರ ತೋಟ. ನಿನ್ನ ಪ್ರಶ್ನೆಗೆ ಉತ್ತರ ನನ್ನ ಪಂಪುಶೆಡ್ಡಿನಲ್ಲಿ ಉಂಟು.

ನಮ್ಮ ಕೆರೆ ತೋಟದ ತಳದಲ್ಲಿ. ಅಲ್ಲಿಂದ 1 ಎಚ್‌ಪಿಯ ಸಣ್ಣ ಪಂಪು ನೀರನ್ನು ಮನೆ ಪಕ್ಕದ ಟ್ಯಾಂಕಿಗೆ ಹಾಕುತ್ತದೆ. ಟ್ಯಾಂಕಿಯಿಂದ 5 ಎಚ್‌ಪಿಯದ್ದು ಗುಡ್ಡೆಯ ತಲೆಗೆ ದೂಡುತ್ತದೆ. ಗುಡ್ಡೆಯಿಂದ ಇಳಿದ ನೀರು ಸುತ್ತಿ ಬಂದು ಪುನಃ ಕೆರೆಗೇ ಸೇರುತ್ತದೆ ಅಂತ ಇಟ್ಟುಕೊ. ಸಣ್ಣ ಪಂಪು ಹೃದಯದ ಬಲಭಾಗ, ಟ್ಯಾಂಕಿ ಶ್ವಾಸಕೋಶ, ದೊಡ್ಡ ಪಂಪು ಎಡಭಾಗ, ಗುಡ್ಡೆ ಇಡೀ ಶರೀರ. ಈಗ ಹೇಳು, ದೊಡ್ಡ ಪಂಪು ಟ್ಯಾಂಕಿಗೆ ಬಂದದ್ದಕ್ಕಿಂತ ಜಾಸ್ತಿ ನೀರು ಎಲ್ಲಿಂದ ತರಬೇಕು? ಲೀಟರ್ ಎರಡಕ್ಕೂ ಒಂದೇ. ಏರಬೇಕಾದ ಎತ್ತರ ಮಾತ್ರ ಬೇರೆ. ಬಲ ಹೃತ್ಕುಕ್ಷಿ, ಅಂದರೆ ನಿನ್ನ ರೈಟ್ ವೆಂಟ್ರಿಕಲ್, ಒತ್ತುವಾಗ ಪಾದರಸದ ಸುಮಾರು 25 ಮಿಲಿಮೀಟರ್ ಒತ್ತಡ ಸಾಕು. ಎಡದ್ದಕ್ಕೆ 120 ಬೇಕು. ಅದರ ಗೋಡೆ ಸುಮಾರು ಮೂರು ಪಟ್ಟು ದಪ್ಪ ಇರುವುದು ಅದಕ್ಕೇ.

ಲೆಕ್ಕವನ್ನೂ ಮಾಡಿ ನೋಡು. ಒಂದು ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. 5 ಲೀಟರಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ದಿನಕ್ಕೆ 7000 ಲೀಟರ್ ದಾಟುತ್ತದೆ, ಅಂದರೆ 1000 ಲೀಟರಿನ ಕಪ್ಪು ಸಿಂಟೆಕ್ಸ್ ಏಳು. ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಇದೇ ಜಾತಿಯ ಲೆಕ್ಕದಿಂದ ವಾದ ಹೂಡಿದ. ತೀರಾ ಕಮ್ಮಿ ಹಿಡಿದರೂ ಅರ್ಧ ಗಂಟೆಯಲ್ಲಿ ಹೃದಯ ದೂಡುವ ರಕ್ತ ಮೈಯಲ್ಲಿರುವುದಕ್ಕಿಂತ ಜಾಸ್ತಿ ಆಗುತ್ತದೆ. ಅಷ್ಟನ್ನು ಉಂಡ ಅನ್ನದಿಂದ ಹೊಸದಾಗಿ ಮಾಡಲು ಸಾಧ್ಯವಾ? ಹಾಗಾದರೆ ಅದೇ ರಕ್ತ ಸುತ್ತಿ ಬರುತ್ತಿರಬೇಕು. ನಿನ್ನ ಮೇಡಂ ಕೇಳಿದ್ದೂ ಆ ಪ್ರಶ್ನೆಯೇ, ನಗಾಡಿದ್ದು ಮಾತ್ರ ಬೇಡಿತ್ತು.

ಇನ್ನು ಆರ್ಟರಿ. ಇಲ್ಲಿ ಕನ್ನಡ ಮೀಡಿಯಮ್ಮಿನವರಿಗೆ ಲಾಭ ಉಂಟು, ಯಾರೂ ಹೇಳಿಕೊಡುವುದಿಲ್ಲ. ಅಪಧಮನಿ, ಅಭಿಧಮನಿ ಅಂತ ಕಲಿತಿದ್ದೀಯಲ್ಲ? 'ಅಪ' ಅಂದರೆ ದೂರಕ್ಕೆ, 'ಅಭಿ' ಅಂದರೆ ಕಡೆಗೆ. ಹೃದಯದಿಂದ ದೂರ ಹೋಗುವುದು ಅಪಧಮನಿ, ಹೃದಯದ ಕಡೆಗೆ ಬರುವುದು ಅಭಿಧಮನಿ. ಒಳಗಿನ ರಕ್ತ ಹೇಗಾದರೂ ಇರಲಿ. 'ಒಳ್ಳೆ ರಕ್ತ ಕೆಟ್ಟ ರಕ್ತ' ಅಂತ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ. ಈಗ ನಾಚಿಕೆ ಆಗುತ್ತದೆ.

ಕವಾಟ ಅಂದರೆ ಕೆರೆಯೊಳಗಿನ ಫುಟ್‌ವಾಲ್ವೇ. ಬಂದ ನೀರನ್ನು ಹಿಂದೆ ಬಿಡುವುದಿಲ್ಲ. ನೋಡಬೇಕಾದರೆ ಕೈಯಲ್ಲೇ ನೋಡು, ಹಾರ್ವೆ ತೋರಿಸಿದ್ದೂ ಹಾಗೆಯೇ. ಮೊಣಕೈ ಮೇಲೆ ಒಂದು ಬೈರಾಸು (ಟವೆಲ್) ಕಟ್ಟು. ನಾಡಿ ನಿಲ್ಲುವಷ್ಟು ಬಿಗಿ ಬೇಡ. ನರ ಅಂತ ನಾವು ಹೇಳುವ ಅಭಿಧಮನಿ ಉಬ್ಬುತ್ತದೆ, ನಡುನಡುವೆ ಗಂಟು ಕಾಣುತ್ತದೆ. ಆ ಗಂಟೇ ಕವಾಟ. ಗಂಟಿಗಿಂತ ಕೆಳಗೆ ಒಂದು ಬೆರಳು ಒತ್ತಿ ಹಿಡಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಗಂಟು ದಾಟುವವರೆಗೆ ಮೇಲಕ್ಕೆ ಸವರು. ನಡುವಿನ ಭಾಗ ಖಾಲಿಯಾಗಿ ಹಾಗೇ ಉಳಿಯುತ್ತದೆ. ಕೆಳಗಿನ ಬೆರಳು ತೆಗೆ, ತುಂಬುತ್ತದೆ.

ನೈಟ್ ಡ್ಯೂಟಿ:
ತಂಗಿ, ನಾನು ಮಂಜೇಶ್ವರದವಳು, ಈಗ ಕುವೈಟಿನಲ್ಲಿ ಕಾರ್ಡಿಯಾಕ್ ವಾರ್ಡಿನ ನರ್ಸ್. ಮಾಷ್ಟ್ರ ಟ್ಯಾಂಕಿ ತುಂಬಿ ಹರಿಯುವುದನ್ನು ನಾನು ರಾತ್ರಿ ಪಾಳಿಯಲ್ಲಿ ನೋಡುತ್ತಿರುತ್ತೇನೆ. ಎಡಭಾಗ ಬಡಿತಕ್ಕೆ ಬರೀ 1 ಮಿಲಿಲೀಟರ್ ಹಿಂದೆ ಬಿದ್ದರೂ ನಿಮಿಷಕ್ಕೆ 72 ಮಿಲಿ ಶ್ವಾಸಕೋಶದ ಕಡೆ ಉಳಿಯುತ್ತದೆ. ಹಾಗೇ ಮುಂದುವರಿದರೆ ಗಂಟೆಗೆ 4 ಲೀಟರ್! ಅಷ್ಟು ದೂರ ಯಾರಿಗೂ ಹೋಗುವುದಿಲ್ಲ. ಅದಕ್ಕೂ ಬಹಳ ಮೊದಲೇ ಉಸಿರು ಕಟ್ಟುತ್ತದೆ.

ಅಂಥ ಪೇಷೆಂಟ್ ಮಲಗಲು ಒಪ್ಪುವುದೇ ಇಲ್ಲ. ಮೂರು ದಿಂಬು ಕೇಳುತ್ತಾರೆ, ಇಲ್ಲಾಂದ್ರೆ ಕಾಲು ಇಳಿಬಿಟ್ಟು ಕೂತೇ ಇರುತ್ತಾರೆ. ಮಲಗಿದರೆ ಕಾಲಿನ ರಕ್ತವೂ ಎದೆಗೆ ಬಂದು ಸೇರುತ್ತದಲ್ಲ. ಬಲಭಾಗ ಸೋತವರಲ್ಲಿ ಕೆರೆಯೇ ಉಕ್ಕಿದ ಹಾಗೆ. ಪಾದ ಊದಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ಯಾವ ಕಡೆ ಸೋತರೆ ಅದರ ಹಿಂದೆ ನೀರು ನಿಲ್ಲುತ್ತದೆ. ಫೈನಲ್ ಇಯರಿನಲ್ಲಿ ನಾನು ಹಾರ್ಟ್ ಫೇಲ್ಯೂರ್ ಓದಿದ್ದು ಇದೊಂದು ಮಾತಿನಲ್ಲಿ.

ಎಂಬಿಬಿಎಸ್ ಸೆಕೆಂಡ್ ಇಯರ್:
ಮಾಷ್ಟ್ರ ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಸೋರುತ್ತದೆ. ಎಚ್‌ಪಿ ಮೋಟರು ತನ್ನ ಪಾಡಿಗೆ ತಿರುಗುತ್ತದೆ. ಹೃದಯ ಹಾಗಲ್ಲ. ಒಳಗೆ ಜಾಸ್ತಿ ರಕ್ತ ಬಂದರೆ ಸ್ನಾಯು ಜಾಸ್ತಿ ಎಳೆಯಲ್ಪಟ್ಟು, ಮುಂದಿನ ಬಡಿತದಲ್ಲಿ ಜೋರಾಗಿ ಹಿಂಡುತ್ತದೆ. ಫ್ರಾಂಕ್ ಮತ್ತು ಸ್ಟಾರ್ಲಿಂಗ್ ಹೆಸರಿನಲ್ಲಿ ಪಾಠ ಬರುವುದು ಇದೇ. ಎರಡು ಪಂಪು ಯಾರೂ ಸ್ವಿಚ್ ಹಾಕದೆ ಸರಿದೂಗಿಸಿಕೊಳ್ಳುವುದು ಹಾಗೆ. ಮತ್ತೆ, ವೆಂಟ್ರಿಕಲ್ಲಿನ ಒಳಗೋಡೆಯಿಂದ ದಾರಗಳ ಮೂಲಕ ವಾಲ್ವಿಗೆ ಸೇರಿರುವ ಪ್ಯಾಪಿಲರಿ ಸ್ನಾಯು ಎಳೆದು ವಾಲ್ವ್ ಮುಚ್ಚುತ್ತದೆ ಅಂತ ಬರೆಯಬೇಡ. ಮುಚ್ಚುವುದು ರಕ್ತದ ಒತ್ತಡ. ಆ ಸ್ನಾಯು ಮತ್ತು ದಾರಗಳು ಕವಾಟ ಗಾಳಿಗೆ ಕೊಡೆ ಮಗುಚಿದ ಹಾಗೆ ಆಗದಂತೆ ಹಿಡಿದುಕೊಳ್ಳುತ್ತವೆ ಅಷ್ಟೇ.

ಅಡಿಕೆ ಮಾಷ್ಟ್ರು:
ಒಪ್ಪಿದೆ. ನನ್ನ ಮೋಟರಿಗೆ ಆ ಬುದ್ಧಿ ಇದ್ದಿದ್ದರೆ ಕಳೆದ ಬೇಸಿಗೆಯಲ್ಲಿ ಟ್ಯಾಂಕಿ ಉಕ್ಕಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಒದ್ದೆಯಾಗುತ್ತಿರಲಿಲ್ಲ. ಮನೆಯವಳು ಆ ದಿನ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪೆರ್ಲದ ಹುಡುಗಿ:
ಥ್ಯಾಂಕ್ಸ್ ಮಾಷ್ಟ್ರೇ, ಅಕ್ಕ, ಎಲ್ಲರಿಗೂ. ಶನಿವಾರ ಊರಿಗೆ ಬಂದವಳು ಅಪ್ಪನ ಕೈಗೇ ಬೈರಾಸು ಕಟ್ಟಿದೆ. ಅಡಿಕೆ ಕೊಯ್ಯುವ ಕೈ, ನರಗಳು ಹಗ್ಗದ ಹಾಗೆ ಎದ್ದು ನಿಂತವು. ಸವರಿದ ಮೇಲೆ ನಿಜವಾಗಿಯೂ ಖಾಲಿಯೇ ಉಳಿಯಿತು! ಅಜ್ಜಿಗೆ ಮಾತ್ರ ಗಾಬರಿ, ಹಾವು ಕಚ್ಚಿತಾ ಅಂತ ಕೇಳಿದರು.

ಒಂದು ಡೌಟ್ ಬಾಕಿ. ಹೊಟ್ಟೆಯೊಳಗಿನ ಮಗು ಉಸಿರೇ ಆಡುವುದಿಲ್ಲ. ಅಲ್ಲಿಯೂ ಎರಡು ಕಡೆ ಸಮವಾ?

ಅಡಿಕೆ ಮಾಷ್ಟ್ರು:
ಭೇಷ್! ಇಲ್ಲ, ಅಲ್ಲಿ ಸಮ ಇರಬೇಕಾಗಿಲ್ಲ. ಶ್ವಾಸಕೋಶಕ್ಕೆ ಹೋಗುವ ರಕ್ತ ತುಂಬ ಕಮ್ಮಿ. ಹೃದಯದ ಮೇಲಿನ ಕೋಣೆಗಳಾದ ಎರಡು ಹೃತ್ಕರ್ಣಗಳ ನಡುವೆ ಒಂದು ಕಿಂಡಿ, ಹೊರಗೆ ಎರಡು ದೊಡ್ಡ ನಾಳಗಳ ನಡುವೆ ಒಂದು ಅಡ್ಡ ಪೈಪು. ಹಾಗಾಗಿ ಎರಡು ಪಂಪೂ ಒಂದೇ ಲೈನಿಗೆ ನೀರು ಕೊಡುತ್ತವೆ. ಹುಟ್ಟಿ ಉಸಿರೆಳೆದ ಮೇಲೆ ಅವೆರಡೂ ಮುಚ್ಚಿಕೊಳ್ಳುತ್ತವೆ. ಇದಕ್ಕೆ ಬೇರೆ ಪೋಸ್ಟ್ ಹಾಕು, ಚಿತ್ರ ಬಿಡಿಸಿ ಕಳಿಸುತ್ತೇನೆ. ಈಗ ಕರೆಂಟು ಬಂತು, ನೀರು ಬಿಡಲಿಕ್ಕೆ ಹೋಗಬೇಕು.